ಅತ್ತರೆ ಗಂಡಸಲ್ಲ ಅಂತ ವಿವೇಕಾನಂದರು ನಿಜವಾಗಿಯೂ ಹೇಳಿದ್ದಾರಾ?

ಮೊಮ್ಮಗ_3

ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ಚಿಕ್ಕಪ್ಪ ದೊಡ್ಡ ದೈವಭಕ್ತರು. ವಯಸ್ಸು 61. ಬೆಳಗ್ಗೆ ನಾಲ್ಕೂವರೆಗೆ ಎದ್ದು ತಣ್ಣೀರು ಸ್ನಾನ, ಪೂಜೆ, ಅದಾದ ಮೇಲೆ ಈಗಲೂ 40 ದಂಡ ಹೊಡೆಯುತ್ತಾರೆ. ಕೋಣೆಯಲ್ಲಿ ಕೈಕಟ್ಟಿ ನಿಂತ ವಿವೇಕಾನಂದರ ದೊಡ್ಡ ಫೋಟೋ ಇದೆ. ಶನಿವಾರ ಸಂಜೆ ದೇವಸ್ಥಾನದ ಜಗಲಿಯಲ್ಲಿ ಹುಡುಗರನ್ನು ಕೂರಿಸಿಕೊಂಡು ಭಜನೆ ಮಾಡಿಸುತ್ತಾರೆ, ಆಮೇಲೆ ಒಂದು ಗಂಟೆ ಮಾತು. ವಿಷಯ ಮೂರೇ. ಗಂಡಸುತನ, ದೇಶಭಕ್ತಿ, ಈಗಿನ ಕಾಲ ಕೆಟ್ಟು ಕೂತಿರುವುದು. ಶುರು ಮಾಡುವಾಗ ಒಂದು ಸಲ, ಮುಗಿಸುವಾಗ ಒಂದು ಸಲ ಸ್ವಾಮೀಜಿ ಹೆಸರು ಬರಲೇಬೇಕು.

ಹೋದ ತಿಂಗಳು ಅಜ್ಜಿ ತೀರಿಕೊಂಡರು. ನಾನು ಅಜ್ಜಿ ಹತ್ತಿರವೇ ಬೆಳೆದವನು. ಸ್ಮಶಾನದಲ್ಲಿ ತಡೆಯಲಾಗಲಿಲ್ಲ, ಜೋರಾಗಿ ಅತ್ತುಬಿಟ್ಟೆ. ಚಿಕ್ಕಪ್ಪ ಬಂದು ನನ್ನ ಹೆಗಲು ಗಟ್ಟಿಯಾಗಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಹೆಂಗಸರ ಥರ ಅಳಬೇಡ್ವೋ. ಗಂಡಸಾಗು. ಅತ್ತಿದ್ದು ಸಾಕು, ಎದ್ದು ನಿಲ್ಲಿ ಅಂತ ಸ್ವಾಮೀಜಿ ಹೇಳಿಲ್ವಾ?" ಅಂದರು. ತೀರಿಕೊಂಡದ್ದು ಅವರ ಸ್ವಂತ ತಾಯಿ. ಅವರ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಆದರೆ ಹದಿಮೂರನೇ ದಿನ, ನೆಂಟರೆಲ್ಲ ಹೋದ ಮೇಲೆ, ನಾನು ದೊಡ್ಡ ಪಾತ್ರೆಗಳನ್ನು ಇಡಲು ಒಳಕೋಣೆಗೆ ಹೋದರೆ ಅವರೊಬ್ಬರೇ ಕೂತು ಅಜ್ಜಿಯ ಹಳೇ ನೂಲಿನ ಸೀರೆ ಮಡಚುತ್ತಿದ್ದರು. ಮಡಚಿದ್ದನ್ನೇ ಬಿಚ್ಚಿ, ಮತ್ತೆ ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದರು. ನನ್ನನ್ನು ನೋಡಿ "ಇಲಿ ಕಾಟ" ಅಂದರು. ಇಲಿಗೂ ಅದಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

ಇನ್ನೂ ಇದೆ. ವರ್ಷಗಳ ಹಿಂದೆ ಅವರ ಜೊತೆ ಸಿನಿಮಾಕ್ಕೆ ಹೋಗಿದ್ದೆ. ರಾಷ್ಟ್ರಗೀತೆ ಬಂದಾಗ ಮುಂದಿನ ಸಾಲಿನಲ್ಲಿ ಒಬ್ಬರು ಏಳಲಿಲ್ಲ. ಚಿಕ್ಕಪ್ಪ ಗೀತೆ ಮುಗಿಯುವ ತನಕ ಕಲ್ಲಿನ ಹಾಗೆ ನಿಂತಿದ್ದು, ಮುಗಿದ ತಕ್ಷಣ ಅವರಿಗೆ ಸರಿಯಾಗಿ ಬೈದರು. ಆ ಮನುಷ್ಯ ಏನೂ ಹೇಳದೆ ಸೀಟಿನ ಕೆಳಗಿಂದ ಊರುಗೋಲು ತೆಗೆದು ತೋರಿಸಿದರು. ಈಗ ಹೊಸದು ಅಂದರೆ ಅವರ ಮಗಳು, ನನ್ನ ತಂಗಿ, ಬೇರೆ ಜಾತಿಯ ಹುಡುಗನನ್ನು ಮದುವೆ ಆಗುತ್ತೇನೆ ಅಂದಿದ್ದಾಳೆ. ಮನೆಯನ್ನೇ ಹತೋಟಿಯಲ್ಲಿ ಇಟ್ಟುಕೊಳ್ಳಲು ಆಗದವನು ಎಂಥ ಗಂಡಸು ಅಂತ ಅವರು ಊಟ ಬಿಟ್ಟು ಕೂತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಇದೆಲ್ಲ ನಿಜವಾಗಿ ವಿವೇಕಾನಂದರು ಹೇಳಿದ್ದಾ, ಅಥವಾ ವಾಟ್ಸಾಪ್‌ನಲ್ಲಿ ಬಂದಿದ್ದಾ? ಓದಿದವರು ಹೇಳಿ. ಚಿಕ್ಕಪ್ಪನನ್ನು ಬೈಯಬೇಡಿ ದಯವಿಟ್ಟು. ನನ್ನ ಕಾಲೇಜಿನ ಮೊದಲ ಫೀಸು ಕಟ್ಟಿದ್ದು ಅವರೇ.

ಹಳೇ_ಸಂಪುಟ

ಆ ಮಾತು ವಾಟ್ಸಾಪ್‌ದಲ್ಲ, ನಿಜವಾದದ್ದೇ. 1897ರ ಫೆಬ್ರವರಿಯಲ್ಲಿ, ಅಮೆರಿಕದಿಂದ ವಾಪಸ್ ಬಂದ ಹೊಸತರಲ್ಲಿ, ಮದ್ರಾಸಿನಲ್ಲಿ ಮಾಡಿದ ಭಾಷಣ. ನಾವು ಅತ್ತದ್ದು ಸಾಕು, ಇನ್ನು ನಿಮ್ಮ ಕಾಲ ಮೇಲೆ ನಿಂತು ಮನುಷ್ಯರಾಗಿ, ಕಬ್ಬಿಣದ ಮಾಂಸಖಂಡ ಉಕ್ಕಿನ ನರ ಬೇಕು, ಮನುಷ್ಯರನ್ನು ಮಾಡುವ ಧರ್ಮ ಬೇಕು ಅನ್ನುವ ಅರ್ಥದ ಮಾತುಗಳು. ಜಿಮ್ ಗೋಡೆಗಳ ಮೇಲೆ, ಕ್ಯಾಲೆಂಡರ್‌ಗಳಲ್ಲಿ ನೀವು ನೋಡಿರುತ್ತೀರಿ.

ಆದರೆ ಪೋಸ್ಟರ್‌ನವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನೀವು ಮುಚ್ಚಬೇಡಿ, ಇನ್ನೆರಡು ಪುಟ ಮುಂದೆ ಹೋಗಿ. ಅದೇ ಭಾಷಣ, ಅದೇ ಸಂಜೆ, ಅದೇ ಜನ. ಎಲ್ಲರೂ ದೇಶಭಕ್ತಿ ದೇಶಭಕ್ತಿ ಅನ್ನುತ್ತಾರೆ, ನನಗೂ ಒಂದು ದೇಶಭಕ್ತಿಯ ಕಲ್ಪನೆ ಇದೆ, ಅದಕ್ಕೆ ಮೂರು ಬೇಕು ಅನ್ನುತ್ತಾರೆ. ಮೊದಲನೆಯದು ತೋಳಲ್ಲ. ಮೊದಲನೆಯದು ಎದೆ. ಕೋಟ್ಯಂತರ ಜನ ಹಸಿದಿದ್ದಾರೆ, ನಿಮಗೆ ನೋವಾಗುತ್ತದಾ? ಅದು ನಿಮ್ಮ ನಿದ್ದೆ ಕೆಡಿಸಿದೆಯಾ? ರಕ್ತದಲ್ಲಿ ಸೇರಿದೆಯಾ, ಹುಚ್ಚು ಹಿಡಿಸುವ ಹಾಗೆ ಮಾಡಿದೆಯಾ? ಹೀಗೆ ಒಂದಾದ ಮೇಲೊಂದು ಕೇಳುತ್ತಾ ಹೋಗುತ್ತಾರೆ. ಇಷ್ಟಾದರೆ ಅದು ದೇಶಭಕ್ತಿಯ ಮೊದಲ ಮೆಟ್ಟಿಲು, ಬರೀ ಮೊದಲನೆಯದು ಅನ್ನುತ್ತಾರೆ. ಎರಡನೆಯದು, ಸುಮ್ನೆ ಮಾತಲ್ಲದೆ ಏನಾದರೂ ದಾರಿ ಕಂಡುಕೊಂಡಿದ್ದೀರಾ ಅನ್ನುವುದು. ಮೂರನೆಯದು, ಇಡೀ ಲೋಕ ಕತ್ತಿ ಹಿಡಿದು ಎದುರು ನಿಂತರೂ ಆ ದಾರಿ ಬಿಡದೆ ಇರುತ್ತೀರಾ ಅನ್ನುವುದು. ಉಕ್ಕಿನ ನರ ಬೇಕಾಗಿರುವುದು ಆ ಮೂರನೆಯದಕ್ಕೆ. ಎದೆಯನ್ನು ಕಲ್ಲು ಮಾಡಿಕೊಳ್ಳಲು ಅಲ್ಲ. ಅವತ್ತು ಅವರು ಸಾಕು ಅಂದದ್ದು ಕೈಲಾಗಲ್ಲ ಅಂತ ಕೂತು ಗೋಳಾಡುವುದನ್ನು. ಹೆಣದ ಮುಂದೆ ಮೊಮ್ಮಗ ಅಳುವುದನ್ನಲ್ಲ.

ಇನ್ನು ಸಾವಿನ ಮನೆಯ ವಿಷಯಕ್ಕೇ ಬಂದರೆ ನಿಮಗೆ ಬೇಕಾದ ಘಟನೆಯೇ ಇದೆ. 1890ರ ಏಪ್ರಿಲ್‌ನಲ್ಲಿ ಬಲರಾಮ ಬೋಸರು ತೀರಿಕೊಂಡರು. ರಾಮಕೃಷ್ಣರ ಗೃಹಸ್ಥ ಭಕ್ತರು, ಈ ಹುಡುಗ ಸನ್ಯಾಸಿಗಳಿಗೆ ತುಂಬಾ ಬೇಕಾದವರು. ಸುದ್ದಿ ಬಂದಾಗ ಸ್ವಾಮೀಜಿ ಕಾಶಿ ಕಡೆ ಇದ್ದರು. ಅತ್ತುಬಿಟ್ಟರು. ಅಲ್ಲಿದ್ದ ಪ್ರಮದಾದಾಸ ಮಿತ್ರ ಅನ್ನುವ ಪಂಡಿತರು, ಸನ್ಯಾಸಿಯಾಗಿ ಹೀಗೆ ಅಳುವುದು ಸರಿಯಲ್ಲ ಅಂದರಂತೆ. ಅದಕ್ಕೆ ಇವರು, ಸನ್ಯಾಸಿ ಆದರೆ ಹೃದಯವನ್ನೂ ಬಿಟ್ಟುಬಿಡಬೇಕಾ ಅಂತ ತಿರುಗಿ ಕೇಳಿದರು. ಅವರ ಜೀವನಚರಿತ್ರೆಯಲ್ಲಿ ಇದು ಬರುತ್ತದೆ, ಯಾವುದಾದರೂ ದೊಡ್ಡ ಆವೃತ್ತಿ ತೆಗೆದು ನೋಡಿ. ಎಲ್ಲ ಬಿಟ್ಟವರೇ ಅತ್ತಿದ್ದಾರೆ, ನೀವು ಪ್ಯಾಂಟು ಶರಟು ಹಾಕಿದವರು.

ಗರಡಿಮನೆ

ನಾನು ಚಿಕ್ಕಪ್ಪನ ಪಾರ್ಟಿ. ಬೈದರೂ ಪರವಾಗಿಲ್ಲ.

ನೀವೆಲ್ಲ ಊರಿಗೊಂದು ಲೈಬ್ರರಿ ಇಟ್ಟುಕೊಂಡು ಮಾತಾಡುತ್ತೀರಿ. ಆ ಮನುಷ್ಯ ಪ್ರತಿ ಶನಿವಾರ ಹುಡುಗರನ್ನು ಒಂದು ಕಡೆ ಸೇರಿಸುತ್ತಾರೆ ಅನ್ನುವುದೇ ದೊಡ್ಡ ವಿಷಯ. ಈಗ ಹುಡುಗರು ಎಲ್ಲಿ ಸೇರುತ್ತಾರೆ ಹೇಳಿ? ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟ, ರಾತ್ರಿ ಎರಡರ ತನಕ ರೀಲ್ಸು, ಅದರಲ್ಲಿ ಯಾವನೋ ಬಾಡಿಗೆ ಕಾರಿನ ಮುಂದೆ ನಿಂತು ಹುಡುಗಿಯರನ್ನು ಹೇಗೆ ಆಳಬೇಕು ಅಂತ ಪಾಠ ಹೇಳುವುದು. ಅವನು ಹೇಳುವ ಗಂಡಸುತನಕ್ಕಿಂತ ನಾಲ್ಕೂವರೆಗೆ ಎದ್ದು ದಂಡ ಹೊಡೆಯುವ ಚಿಕ್ಕಪ್ಪನ ಗಂಡಸುತನ ಸಾವಿರ ಪಾಲು ವಾಸಿ. ಗೀತೆ ಓದುವುದಕ್ಕಿಂತ ಫುಟ್‌ಬಾಲ್ ಆಡಿದರೆ ಸ್ವರ್ಗಕ್ಕೆ ಹತ್ತಿರ ಆಗುತ್ತೀರಿ, ಮೊದಲು ಗಟ್ಟಿಮುಟ್ಟಾಗಿ, ಧರ್ಮ ಆಮೇಲೆ ಬರುತ್ತದೆ ಅಂತ ಸ್ವಾಮೀಜಿ ಅದೇ ಮದ್ರಾಸಿನ ಹುಡುಗರಿಗೆ ಹೇಳಿದ್ದು ನಮ್ಮ ಹಳೇ_ಸಂಪುಟ ಅವರಿಗೆ ನೆನಪಾಗಲಿಲ್ಲ ನೋಡಿ.

ಸ್ಮಶಾನದ ಬಗ್ಗೆ ಒಂದು ಮಾತು. ನಮ್ಮ ಅಪ್ಪ ಹೋದಾಗ ಮಡಕೆ ಹೊತ್ತು ಮೂರು ಸುತ್ತು ಹಾಕಿದವನು ನಾನು. ಹಿಂದಿನಿಂದ ಮಡಕೆಗೆ ತೂತು ಹೊಡೆಯುತ್ತಾರೆ, ನೀರು ಹೆಗಲ ಮೇಲೆ ಸುರಿಯುತ್ತಾ ಇರುತ್ತದೆ, ತಣ್ಣಗೆ, ಬೆನ್ನಿನ ತನಕ. ಅವತ್ತು ನಾನು ಅತ್ತಿದ್ದರೆ ಮಡಕೆ ಬಿದ್ದುಹೋಗುತ್ತಿತ್ತು. ಯಾರಾದರೂ ಒಬ್ಬ ಅಳದೆ ನಿಲ್ಲಲೇಬೇಕಾಗುತ್ತದೆ ಸ್ವಾಮಿ. ಸೌದೆ ಲೆಕ್ಕ ಮಾಡಬೇಕು, ಪುರೋಹಿತರಿಗೆ ಹೇಳಬೇಕು, ವಾಪಸ್ ಬಂದವರಿಗೆಲ್ಲ ಸ್ನಾನಕ್ಕೆ ವ್ಯವಸ್ಥೆ ಮಾಡಬೇಕು. ಚಿಕ್ಕಪ್ಪ ಅವತ್ತು ಆ ಒಬ್ಬ ಆಗಿದ್ದರು ಅಷ್ಟೇ. ನಿಮಗೆ ಬೈದದ್ದಲ್ಲ ಅದು, ನೀವು ಅತ್ತರೆ ತಾವೂ ಅತ್ತುಬಿಡುತ್ತೇವೆ ಅನ್ನುವ ಭಯ.

ಊರುಗೋಲಿನವರಿಗೆ ಬೈದದ್ದು ಮಾತ್ರ ತಪ್ಪು. ಕ್ಷಮೆ ಕೇಳಿದರಾ?

ಮೊಮ್ಮಗ_3

ಕೇಳಿದರು. ಇಂಟರ್ವಲ್‌ನಲ್ಲಿ ಹೋಗಿ ಅವರ ಪಕ್ಕದ ಸೀಟಿನಲ್ಲಿ ಕೂತು ಏನೋ ಮಾತಾಡಿದರು, ಮಿಕ್ಕ ಸಿನಿಮಾ ಅಲ್ಲೇ ಕೂತು ನೋಡಿದರು. ನನಗೆ ಏನೂ ಹೇಳಲಿಲ್ಲ. ನೀವು ಹೇಳಿದ ಭಯದ ಮಾತು ನನಗೆ ಹೊಳೆದಿರಲಿಲ್ಲ.

ಒಗ್ಗರಣೆ_ಡಬ್ಬಿ

ಗರಡಿಮನೆ ಅಣ್ಣ, ಅಳದೆ ನಿಲ್ಲುವ ಆ ಒಬ್ಬ ಯಾವಾಗಲೂ ಗಂಡಸೇ ಅಂತ ನಿಮಗೆ ಯಾರು ಹೇಳಿದರು? ನಮ್ಮ ಅಪ್ಪ ಹೋದ ದಿನ ಅಮ್ಮ ಒಂದು ಹನಿ ಕಣ್ಣೀರಿಲ್ಲದೆ ಬಂದವರಿಗೆ ಹಾಸಿಗೆ ಹೊಂದಿಸಿದರು, ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆ ಅಂತ ಅಣ್ಣನಿಗೆ ಹೇಳಿದರು, ಅಜ್ಜಿಗೆ ಬಿಪಿ ಮಾತ್ರೆ ಕೊಟ್ಟರು. ಹೊರಗೆ ನಮ್ಮ ದೊಡ್ಡಪ್ಪ, ಆರಡಿ ಆಳು, ಕಂಬ ಹಿಡಿದುಕೊಂಡು ಗೋಳೋ ಅಂತ ಅಳುತ್ತಿದ್ದರು. "ಹೆಂಗಸರ ಥರ" ಅಂದರೆ ಯಾವ ಹೆಂಗಸರು? ನಾನು ನೋಡಿದ ಹೆಂಗಸರಿಗೆ ಅಳಲು ಪುರುಸೊತ್ತೇ ಇರುವುದಿಲ್ಲ.

ಗರಡಿಮನೆ ಅವರ ಆ ಫುಟ್‌ಬಾಲ್ ಇರುವ ಭಾಷಣವನ್ನೇ ಪೂರ್ತಿ ಓದಿ. ಕೊನೆಕೊನೆಗೆ ಹೆಂಗಸರ ವಿಷಯ ಬರುತ್ತದೆ. ವಿಧವೆಯರ ಬಗ್ಗೆ, ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ಜನ ಅವರನ್ನು ಪದೇ ಪದೇ ಕೇಳುತ್ತಿದ್ದರಂತೆ. ಅದಕ್ಕೆ ಅವರು ಸಿಟ್ಟಿಗೆದ್ದು, ನಾನೇನು ವಿಧವೆಯಾ, ನಾನೇನು ಹೆಂಗಸಾ, ನನ್ನನ್ನೇನು ಕೇಳುತ್ತೀರಿ? ಹೆಂಗಸರ ಸಮಸ್ಯೆ ಬಗೆಹರಿಸಲು ನೀವು ಯಾರು? ಕೈ ತೆಗೆಯಿರಿ, ಅವರ ಸಮಸ್ಯೆ ಅವರೇ ಬಗೆಹರಿಸಿಕೊಳ್ಳುತ್ತಾರೆ ಅಂದುಬಿಟ್ಟರು. 1897ರಲ್ಲಿ! ಇದನ್ನು ಯಾವ ಜಿಮ್ಮಿನ ಗೋಡೆ ಮೇಲೂ ನಾನು ನೋಡಿಲ್ಲ. ಹೆಣ್ಣುಮಕ್ಕಳೂ ತಮ್ಮನ್ನು ತಾವು ಕಾಪಾಡಿಕೊಳ್ಳುವುದನ್ನು ಕಲಿಯಬೇಕು, ಝಾನ್ಸಿ ರಾಣಿಯನ್ನು ನೋಡಿ ಅಂತಲೂ ಹೇಳಿದವರು ಅವರು. ಅಂದರೆ ಅವರು ಹೇಳುತ್ತಿದ್ದ ಗಟ್ಟಿತನ ಮೀಸೆಯ ಸ್ವತ್ತಲ್ಲ.

ಜಾತಿಗೂ ಅಷ್ಟೇ. ನಮ್ಮ ಧರ್ಮ ಅಡುಗೆಮನೆ ಸೇರಿಬಿಟ್ಟಿದೆ, ನಮ್ಮ ದೇವರು ಅಡುಗೆ ಪಾತ್ರೆ, ನಮ್ಮ ಮಂತ್ರ "ನನ್ನನ್ನು ಮುಟ್ಟಬೇಡ" ಅಂತ ಗೇಲಿ ಮಾಡಿದವರ ಫೋಟೋ ಕೆಳಗೆ ಕೂತು ಜಾತಿಗಾಗಿ ಊಟ ಬಿಡುವುದು ಸ್ವಲ್ಪ ತಮಾಷೆಯೇ ಅಲ್ವಾ. ಬೇಜಾರು ಮಾಡಿಕೊಳ್ಳಬೇಡಿ ಮೊಮ್ಮಗ, ಬೈಯಬೇಡಿ ಅಂದಿದ್ದೀರಿ, ಬೈದಿಲ್ಲ.

ಮತ್ತೆ ನೀವು ಇಷ್ಟುದ್ದ ಬರೆದಿದ್ದೀರಲ್ಲ, ತಂಗಿ ಏನು ಹೇಳುತ್ತಾಳೆ ಅನ್ನುವುದು ಅದರಲ್ಲಿ ಒಂದು ಸಾಲೂ ಇಲ್ಲ.

ಉಲ್ಟಾಪಲ್ಟಾ

ಎಲ್ಲರೂ ಅವರವರಿಗೆ ಬೇಕಾದ ಸ್ವಾಮೀಜಿಯನ್ನು ಆರಿಸಿಕೊಂಡು ಬರುತ್ತಿದ್ದೀರಿ. ಚಿಕ್ಕಪ್ಪ ಮಾಡಿದ್ದೂ ಅದನ್ನೇ.

ಸ್ವಾಮೀಜಿ "ಹೆಣ್ಣಿಗತನ" ಅನ್ನುವುದನ್ನು ಬೈಗುಳವಾಗಿ ಬಳಸಿದ್ದಾರೆ, ಒಂದು ಸಲ ಅಲ್ಲ ತುಂಬಾ ಸಲ. ಖೋಲು ಅನ್ನುವ ಬಂಗಾಳಿ ಮದ್ದಳೆ, ಕರತಾಳ ಬಡಿದು ಕುಣಿದು ಕುಣಿದು ಈ ದೇಶ ಹೆಂಗಸರ ದೇಶ ಆಗಿಹೋಯಿತು ಅನ್ನುವ ಧಾಟಿಯ ಮಾತನ್ನು ಶಿಷ್ಯರ ಹತ್ತಿರ ಆಡಿದ್ದಾರೆ. ಅರ್ಜುನನಿಗೆ ಕೃಷ್ಣ ಹೇಳುವ "ಕ್ಲೈಬ್ಯಂ ಮಾ ಸ್ಮ ಗಮಃ", ಅಂದರೆ ಷಂಡತನಕ್ಕೆ ಇಳಿಯಬೇಡ ಅನ್ನುವ ಶ್ಲೋಕ ಅವರಿಗೆ ಬಹಳ ಇಷ್ಟ, ಅದೊಂದನ್ನು ಓದಿದರೆ ಇಡೀ ಗೀತೆ ಓದಿದ ಹಾಗೆ ಅನ್ನುತ್ತಿದ್ದರು. ಇದನ್ನೆಲ್ಲ ಮುಚ್ಚಿಟ್ಟು ಅವರನ್ನು ಇವತ್ತಿನ ಪ್ರಗತಿಪರ ಮಾಡುವುದು ಬೇಡ. ಚಿಕ್ಕಪ್ಪ ಪೂರ್ತಿ ಕಟ್ಟುಕತೆ ಹೇಳುತ್ತಿಲ್ಲ.

ಆದರೆ ಆ ಮಾತು ಎಲ್ಲಿಂದ ಬಂತು ಅಂತಲೂ ನೋಡಿ. ಬಂಗಾಳಿಗಳ ಮೈ ಹೆಂಗಸರ ಹಾಗೆ ಮೆತ್ತಗೆ, ಅವರು ಕೈಲಾಗದವರು ಅಂತ ಮೆಕಾಲೆ ಅನ್ನುವ ಬ್ರಿಟಿಷ್ ಲೇಖಕ 1841ರಲ್ಲೇ ಬರೆದಿದ್ದ. 1857 ಆದ ಮೇಲೆ ಬ್ರಿಟಿಷರು ಯಾವ ಜಾತಿ ಜನಾಂಗ ಸೈನ್ಯಕ್ಕೆ ಲಾಯಕ್ಕು, ಯಾವುದು ಅಲ್ಲ ಅಂತ ಪಟ್ಟಿಯನ್ನೇ ಮಾಡಿಕೊಂಡರು, ಬಂಗಾಳಿಗಳು ಅದರಲ್ಲಿ ಇರಲಿಲ್ಲ. 1863ರಲ್ಲಿ ಕಲ್ಕತ್ತದಲ್ಲಿ ಹುಟ್ಟಿ, ಇಂಗ್ಲಿಷ್ ಕಾಲೇಜಿನಲ್ಲಿ ಓದಿ, ಗರಡಿಗೂ ಹೋಗುತ್ತಿದ್ದ ಹುಡುಗ ಈ ಹಂಗಿಸುವಿಕೆ ಕೇಳಿಕೊಂಡೇ ಬೆಳೆದವನು. ಬೈದವರ ಬೈಗುಳವನ್ನೇ ಎತ್ತಿಕೊಂಡು ತಿರುಗಿಸಿ ಹೊಡೆಯುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಆಗ ಅದಕ್ಕೊಂದು ಕೆಲಸ ಇತ್ತು. ಮೊಮ್ಮಗನ ಹೆಗಲು ಹಿಡಿದು ಹೇಳಿದಾಗ ಯಾವ ಕೆಲಸವೂ ಇಲ್ಲ.

ಉಕ್ಕಿನ ನರ ಅಂದ ಆ ಮನುಷ್ಯನಿಗೇ ಸಕ್ಕರೆ ಕಾಯಿಲೆ ಇತ್ತು, ಆಸ್ತಮಾ ಇತ್ತು. 1902ರ ಜುಲೈ 4ರಂದು ಹೋದಾಗ ವಯಸ್ಸು 39. ಪೋಸ್ಟರ್ ಮೇಲೆ ಇದು ಬರುವುದಿಲ್ಲ.

ರಾಷ್ಟ್ರಗೀತೆ ಬಗ್ಗೆ ಎರಡು ಮಾತು. ಜನ ಗಣ ಮನ ಮೊದಲ ಸಲ ಹಾಡಿದ್ದು 1911ರ ಡಿಸೆಂಬರ್ 27ರಂದು, ಕಲ್ಕತ್ತದಲ್ಲಿ. ಸ್ವಾಮೀಜಿ ಹೋಗಿ ಒಂಬತ್ತು ವರ್ಷ ಆಗಿತ್ತು. ಅವರ ದೇಶಭಕ್ತಿಗೆ ಎದ್ದು ನಿಲ್ಲಲು ಒಂದು ಹಾಡೂ ಇರಲಿಲ್ಲ, ಬಾವುಟವೂ ಇರಲಿಲ್ಲ. ಸಿನಿಮಾ ಮಂದಿರದಲ್ಲಿ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2016ರ ನವೆಂಬರ್‌ನಲ್ಲಿ. ಅಂಗವಿಕಲರು ನಿಲ್ಲಬೇಕಿಲ್ಲ ಅಂತ ಮುಂದಿನ ತಿಂಗಳೇ ಹೇಳಿತು. 2018ರ ಜನವರಿಯಲ್ಲಿ, ಹಾಕುವುದು ಬಿಡುವುದು ಮಂದಿರದವರ ಇಷ್ಟ ಅಂತ ಬದಲಾಯಿಸಿತು. ಹಾಕಿದರೆ ನಿಲ್ಲಬೇಕು, ಆದರೆ ಪಕ್ಕದವರನ್ನು ಎಬ್ಬಿಸುವ ಡ್ಯೂಟಿ ಯಾರಿಗೂ ಕೊಟ್ಟಿಲ್ಲ.

ಹಳೇ_ಸಂಪುಟ

ಉಲ್ಟಾಪಲ್ಟಾ ಹೇಳಿದ್ದು ಒಪ್ಪುತ್ತೇನೆ, ಬೈಗುಳದ ವಿಷಯ ನಾನು ಬಿಟ್ಟಿದ್ದು ತಪ್ಪು. ಗರಡಿಮನೆಗೂ ಒಂದು ಮಾತು. ಗಟ್ಟಿಯಾದ ಮೈಯನ್ನು ಏನಕ್ಕೆ ಉಪಯೋಗಿಸಬೇಕು ಅನ್ನುವುದು ಮುಖ್ಯ ಅಲ್ವಾ? 1898ರಲ್ಲಿ ಕಲ್ಕತ್ತಕ್ಕೆ ಪ್ಲೇಗ್ ಬಂದಾಗ ದುಡ್ಡಿಲ್ಲದಿದ್ದರೆ ಮಠಕ್ಕೆ ತೆಗೆದುಕೊಂಡ ಜಾಗವನ್ನೇ ಮಾರೋಣ ಅಂದವರು ಅವರು. ಮುಂದಿನ ವರ್ಷ ಅವರ ಶಿಷ್ಯೆ ನಿವೇದಿತಾ ಪೊರಕೆ ಹಿಡಿದು ಬೀದಿಗೇ ಇಳಿದರು. ನಮ್ಮ ಮೈಸೂರಿನ ಮಹಾರಾಜರಿಗೆ 1894ರ ಜೂನ್‌ನಲ್ಲಿ ಸ್ವಾಮೀಜಿ ಅಮೆರಿಕದಿಂದ ಬರೆದ ಪತ್ರವೂ ಇದೆ. ಬೇರೆಯವರಿಗಾಗಿ ಬದುಕುವವರೇ ಬದುಕಿರುವವರು, ಮಿಕ್ಕವರು ಸತ್ತ ಹಾಗೆ ಅನ್ನುವ ಪ್ರಸಿದ್ಧ ಮಾತು ಬರುವುದು ಆ ಪತ್ರದಲ್ಲೇ. ಜನ ಅದನ್ನು ಸ್ಟೇಟಸ್ ಹಾಕುತ್ತಾರೆ. ಪತ್ರದ ಮಧ್ಯದಲ್ಲಿ ಇರುವುದು ನನಗೆ ಜಾಸ್ತಿ ಇಷ್ಟ. ಸನ್ಯಾಸಿಗಳು ಸಂಜೆ ಹೊತ್ತು ಹಳ್ಳಿಗೆ ಹೋಗಿ, ಒಂದು ಭೂಗೋಳ, ಒಂದಿಷ್ಟು ನಕ್ಷೆ ಇಟ್ಟುಕೊಂಡು ಓದು ಬರಹ ಬಾರದವರಿಗೆ ಪಾಠ ಹೇಳಬೇಕು ಅಂತ ಯೋಜನೆ ಹಾಕುತ್ತಾರೆ. ಬಡವರ ಹುಡುಗ ಶಾಲೆಗೆ ಬರಲಾರ, ಹೊಲದಲ್ಲಿ ಅಪ್ಪನಿಗೆ ಕೈ ಜೋಡಿಸಬೇಕು, ಹಾಗಾಗಿ ಪಾಠವೇ ಅವನ ಹತ್ತಿರ ಹೋಗಬೇಕು ಅಂತ ಕಾರಣವನ್ನೂ ಕೊಡುತ್ತಾರೆ. ಶನಿವಾರದ ಜಗಲಿ ಇದೆ, ಹುಡುಗರಿದ್ದಾರೆ. ಚಿಕ್ಕಪ್ಪನಿಗೆ ಅರ್ಧ ಕೆಲಸ ಆಗಲೇ ಆಗಿದೆ.

ಸುಮ್ನಿರಪ್ಪ

ಇಷ್ಟೆಲ್ಲ ಓದಿ ಅಳಬೇಕಾ ಗುರು? ಅಳು ಬಂದರೆ ಅತ್ತುಬಿಡಿ.

ಮೊಮ್ಮಗ_3

ಎಲ್ಲರಿಗೂ ಥ್ಯಾಂಕ್ಸ್. ಎಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಒಗ್ಗರಣೆ ಅಕ್ಕ, ನೀವು ಹೇಳಿದ ಮೇಲೆ ತಂಗಿಗೆ ಫೋನ್ ಮಾಡಿದೆ. ನಾಚಿಕೆ ಆಯಿತು, ಇಷ್ಟು ದಿನ ಅವಳ ಬಗ್ಗೆ ಮಾತಾಡಿದ್ದೆನೇ ಹೊರತು ಅವಳ ಹತ್ತಿರ ಮಾತಾಡಿರಲಿಲ್ಲ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. "ಅಪ್ಪ ಊಟ ಬಿಟ್ಟಿರೋದು ಬರೀ ರಾತ್ರಿದು, ಮಧ್ಯಾಹ್ನ ಮಾಡ್ತಾರೆ, ನೀನೇನೂ ತಲೆ ಕೆಡಿಸ್ಕೋಬೇಡ" ಅಂದಳು. ಹುಡುಗನನ್ನು ಮನೆಗೆ ಕರೆತರುವ ದಿನವನ್ನೂ ಅವಳೇ ಗೊತ್ತು ಮಾಡಿದ್ದಾಳೆ. ನಾನು ಆ ದಿನ ಅಲ್ಲಿರಬೇಕಂತೆ, ಮಾತಾಡಲು ಅಲ್ಲ, ಕುರ್ಚಿ ಹಾಕಲು.

ಲೈಬ್ರರಿಯಿಂದ ಆ ಭಾಷಣಗಳಿರುವ ಸಂಪುಟ ತಂದು ಚಿಕ್ಕಪ್ಪನಿಗೆ ಕೊಟ್ಟೆ. ಹಳೇ_ಸಂಪುಟ ಹೇಳಿದ, ನಿದ್ದೆ ಕೆಡಿಸಿದೆಯಾ ಅಂತ ಕೇಳುವ ಆ ಪುಟಕ್ಕೆ ಒಂದು ಕಾಗದದ ಚೂರು ಇಟ್ಟಿದ್ದೆ. "ನನಗೇ ಸ್ವಾಮೀಜಿ ಪಾಠ ಹೇಳಲು ಬಂದೆಯಾ" ಅಂದರು. ಆದರೆ ವಾಪಸ್ ಕೊಡಲಿಲ್ಲ. ಬಲರಾಮ ಬೋಸರ ವಿಷಯ ಬಾಯಲ್ಲೇ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸುತ್ತಾ ಕೂತರು, ಆಮೇಲೆ "ಆಗ ಅವರಿಗಿನ್ನೂ 27 ವರ್ಷ, ಹುಡುಗ" ಅಂದರು. ನನಗೆ 26. ಅದನ್ನು ಹೇಳಲಿಲ್ಲ.

ನಿನ್ನೆ ಅವರು ಮನೆಯಲ್ಲಿ ಇಲ್ಲದಾಗ ಪುಸ್ತಕ ತೆಗೆದು ನೋಡಿದೆ. ನನ್ನ ಕಾಗದದ ಚೂರು ಇಟ್ಟ ಜಾಗದಲ್ಲೇ ಇತ್ತು. ಅವರು ಬೇರೆ ಒಂದು ಪುಟದ ಮೂಲೆಯನ್ನು ನೀಟಾಗಿ, ಅಂಚಿಗೆ ಅಂಚು ಕೂಡಿಸಿ ಮಡಚಿದ್ದರು. ಫುಟ್‌ಬಾಲ್ ಇರುವ ಪುಟ.

ಮುಂದಿನ ಶನಿವಾರ ಭಜನೆಗೆ ಬರುವಾಗ ಹುಡುಗರು ಒಂದು ಚೆಂಡು ತರಬೇಕಂತೆ.